ಮುದ್ದೆ ತಿರುವು ಕಟ್ಟಿದವಳು

ನಮ್ಮ ದೊಡ್ಡಮ್ಮ ರತ್ನಕ್ಕನ ವಿಷಯ ಬರೆಯಬೇಕೆಂದರೆ ಮೊದಲು ಥೂ ಎಂದು ಒಂದು ಸಲ ಉಗಿದೇ ಶುರು ಮಾಡಬೇಕು. ಅವಳಿಗಲ್ಲ. ನನಗೆ, ನಮ್ಮ ದೊಡ್ಡಪ್ಪನಿಗೆ, ಆಮೇಲೆ ಆ ನೂರೊಂದು ಪದಗಳ ಪುಸ್ತಕಕ್ಕೆ.

ರತ್ನಕ್ಕ ನನ್ನ ತಾಯಿಯ ಅಕ್ಕ. ಅರವತ್ತಕ್ಕೆ ಎರಡು ಕಡಿಮೆ. ರಾಜಾನುಕುಂಟೆ ಕಡೆಯ ಸರ್ಕಾರಿ ಶಾಲೆಯಲ್ಲಿ ಬಿಸಿಯೂಟ ಬೇಯಿಸುತ್ತಾಳೆ. ಊರೆಲ್ಲ ಅವಳನ್ನು ರತ್ನಕ್ಕ ಎಂದೇ ಕರೆಯುವುದರಿಂದ ನಾನೂ ಹಾಗೇ ಬರೆಯುತ್ತೇನೆ. ಅವಳ ಗಂಡ ಮುನಿವೆಂಕಟಯ್ಯ ಪೂಜೆ ಕುಣಿತದವನು. ನೋಡದವರಿಗೆ ಹೇಳುತ್ತೇನೆ: ಪೂಜೆ ಎಂದರೆ ಬಿದಿರಿನ ಚೌಕಟ್ಟಿಗೆ ಬಣ್ಣದ ಸೀರೆ ಸುತ್ತಿ, ನಡುವೆ ಅಮ್ಮನವರ ಹಿತ್ತಾಳೆ ಮುಖ ಕಟ್ಟಿದ್ದು. ಹೆಚ್ಚುಕಡಿಮೆ ಆಳೆತ್ತರ, ಇಪ್ಪತ್ತು ಕೆ.ಜಿ. ತೂಕ. ಅದನ್ನು ತಲೆಯ ಮೇಲೆ ನಿಲ್ಲಿಸಿಕೊಂಡು, ಕೈ ಹಿಡಿಯದೆ, ತಮಟೆಯ ಪೆಟ್ಟಿಗೆ ಕುಣಿಯಬೇಕು. ಹೊರುವುದು ಗಂಡಸರು ಮಾತ್ರ. ಹೆಂಗಸು ಮುಟ್ಟಿದರೆ ಮೈಲಿಗೆಯಂತೆ. ಹಿತ್ತಾಳೆ ಮುಖಕ್ಕೆ ಹುಣಸೆಹಣ್ಣು ಹಚ್ಚಿ ಉಜ್ಜಿ ಉಜ್ಜಿ ಹೊಳೆಸುವಾಗ ಮಾತ್ರ ಆ ಮೈಲಿಗೆ ಎಲ್ಲಿಗೋ ಹೋಗಿಬಿಡುತ್ತದೆ.

ಹೊತ್ತವನ ಮುಂದೆ ಅವನ ಮನೆಯ ಹೆಂಗಸು ಆರತಿ ತಟ್ಟೆ ಹಿಡಿದು, ಅವನ ಕಡೆಗೇ ಮುಖಮಾಡಿ, ಹಿಂದಕ್ಕೆ ಹೆಜ್ಜೆ ಹಾಕುತ್ತಾ ಸಾಗಬೇಕು. ಕೊನೆಗೆ ಅವಳು ಕರ್ಪೂರ ಹಚ್ಚಿ ಬೆಳಗಿದ ಮೇಲೆಯೇ ಪೂಜೆ ಇಳಿಸುವುದು. ಅದಕ್ಕೂ ಮೊದಲು ಕತ್ತು ಮುರಿದರೂ ಇಳಿಸುವಂತಿಲ್ಲ. ಇದು ದೊಡ್ಡಪ್ಪನ ಮನೆತನದ ಕಟ್ಟುಪಾಡು.

ಇನ್ನೊಂದು ವಿಷಯ ಮನೆಯವರಿಗೆ, ತಮಟೆಯವರಿಗೆ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ದೊಡ್ಡಪ್ಪನ ಕುಣಿತ ದೊಡ್ಡಪ್ಪನದಲ್ಲ. ಅವನ ಅಪ್ಪನ ಕಾಲದಲ್ಲಿ ಇದ್ದದ್ದು ಮೂರು ಹೆಜ್ಜೆ ಮುಂದೆ, ಮೂರು ಹೆಜ್ಜೆ ಹಿಂದೆ, ಅಷ್ಟೇ. ಮದುವೆಯಾಗಿ ಬಂದ ರತ್ನಕ್ಕ ಅದನ್ನು ನೋಡಿ ನೋಡಿ ಬೇಸತ್ತಳು. ಶಾಲೆಯ ಪಾತ್ರೆ ತೊಳೆದಾದ ಮೇಲೆ ಬಿಂದಿಗೆಗೆ ಮರಳು ತುಂಬಿ ತಲೆಯ ಮೇಲಿಟ್ಟುಕೊಂಡು ಆ ಖಾಲಿ ಅಂಗಳದಲ್ಲಿ ತಾನೇ ಕುಣಿದು ನೋಡುತ್ತಿದ್ದಳು. ಹಾಗೆ ವರ್ಷಗಟ್ಟಲೆ ಕಟ್ಟಿದ್ದು ಒಂಬತ್ತು ಹೆಜ್ಜೆ. ಹೆಸರುಗಳೂ ಅವಳವೇ. ಭುಜ ಹಿಂದಕ್ಕೂ ಮುಂದಕ್ಕೂ ಆಡಿದರೆ ಅದು ಮೊರ ಕೇರೋದು. ಪಾದ ಎತ್ತದೆ ಪುಟಪುಟ ಸರಿದರೆ ಸೊಪ್ಪು ಬಿಡಿಸೋದು. ಕಾಲು ಅಗಲ ಊರಿ, ಭಾರವನ್ನೆಲ್ಲ ಸೊಂಟಕ್ಕೆ ಇಳಿಸಿ, ಇಡೀ ಮೈ ನಿಧಾನಕ್ಕೆ ಒಂದು ಸುತ್ತು ಬಂದರೆ ಮುದ್ದೆ ತಿರುವು. ಆ ಸುತ್ತಿಗೆ ಜನ ಶಿಳ್ಳೆ ಹೊಡೆಯುತ್ತಿದ್ದರು.

ಭಾನುವಾರ ಹಿತ್ತಲಲ್ಲಿ ಗಂಡನಿಗೆ ಕಲಿಸುತ್ತಿದ್ದಳು. ದೊಡ್ಡಪ್ಪನ ಕತ್ತು ಗಟ್ಟಿ, ನೆನಪು ಟೊಳ್ಳು. ಯಾವ ಹೆಜ್ಜೆಯ ಹಿಂದೆ ಯಾವುದು ಎಂಬುದು ಅವನ ತಲೆಯಲ್ಲಿ ಒಂದು ದಿನವೂ ನಿಲ್ಲಲಿಲ್ಲ. ಅದಕ್ಕೂ ಅವಳೇ ದಾರಿ ಮಾಡಿದಳು. ಆರತಿ ತಟ್ಟೆ ಎಡಕ್ಕೆ ವಾಲಿದರೆ ಮೊರ, ತನ್ನ ಎದೆಗೆ ಒತ್ತಿಕೊಂಡರೆ ಸೊಪ್ಪು, ಗಾಳಿಯಲ್ಲಿ ಒಂದು ಸೊನ್ನೆ ಬರೆದರೆ ಮುದ್ದೆ ತಿರುವು. ಜನರ ಕಣ್ಣಿಗೆ ಅದು ಭಕ್ತಿ. ಅವನಿಗೆ ಅದು ಅಪ್ಪಣೆ. ಹದಿನೈದು ವರ್ಷ ಹೀಗೇ ನಡೆಯಿತು.

ಇದರೊಳಗೆ ನಂದಿತಾ ಮೇಡಂ ಅವರನ್ನು ಕರೆತಂದ ಪಾಪಿ ನಾನು. ನನ್ನ ಹೆಸರು ವನಿತಾ. ಯಲಹಂಕದಲ್ಲಿ ಡಿಟಿಪಿ ಮಾಡುತ್ತೇನೆ. ಮೇಡಂ ಒಂದು ಖಾಸಗಿ ವಿಶ್ವವಿದ್ಯಾಲಯದಲ್ಲಿ ನೃತ್ಯ ಪಾಠ ಮಾಡುವವರು. ನೃತ್ಯ ಓದುವ ಮಕ್ಕಳಿಗಾಗಿ ನೂರೊಂದು ಮುಖ್ಯ ಪದಗಳ ಕೋಶ ಮಾಡುತ್ತಿದ್ದರು. ಚಲನೆ, ಲಯ, ವಿರಾಮ, ಅವಕಾಶ, ಸಂಯೋಜನೆ, ಹೀಗೆ. ಪ್ರತಿ ಪದಕ್ಕೂ ನಮ್ಮ ಜನಪದ ಕುಣಿತಗಳಿಂದ ಒಂದೊಂದು ಉದಾಹರಣೆ ಬೇಕಿತ್ತು. ಟೈಪ್ ಮಾಡುತ್ತಿದ್ದ ನಾನು ಬಾಯಿ ಮುಚ್ಚಿಕೊಂಡಿರದೆ, "ನಮ್ಮ ದೊಡ್ಡಪ್ಪ ಪೂಜೆ ಹೊರ್ತಾರೆ ಮೇಡಂ" ಎಂದುಬಿಟ್ಟೆ.

ಕಾರಿನಲ್ಲಿ ಬಂದರು. ಚಾಪೆಯ ಮೇಲೆ ಕರ್ಚೀಫು ಹಾಸಿ ಕೂತರು. ರತ್ನಕ್ಕ ಕೊಟ್ಟ ನೀರನ್ನು ಕೈಯಲ್ಲೂ ಮುಟ್ಟದೆ ತಮ್ಮ ಬಾಟಲಿ ತೆಗೆದರು. ನನಗೆ ಮೈಯೆಲ್ಲ ಉರಿಯಿತು, ಆದರೂ ಹಲ್ಲು ಕಿರಿದುಕೊಂಡು ಪಕ್ಕದಲ್ಲೇ ಕೂತಿದ್ದೆ. ದೊಡ್ಡಪ್ಪ ಅಂಗಳದಲ್ಲಿ ಕುಣಿದ, ಅವರು ವಿಡಿಯೊ ಮಾಡಿದರು. ಆರತಿ ತಟ್ಟೆ ಕ್ಯಾಮೆರಾಕ್ಕೆ ಅಡ್ಡ ಬರುತ್ತದೆ ಎಂದು, "ಅಮ್ಮ, ಸ್ವಲ್ಪ ಪಕ್ಕಕ್ಕೆ ಹೋಗ್ತೀರಾ?" ಎಂದರು. ರತ್ನಕ್ಕ ಪಕ್ಕಕ್ಕೆ ಸರಿದು ಅಲ್ಲಿಂದಲೇ ತಟ್ಟೆ ಆಡಿಸಿದಳು.

ಆಮೇಲೆ ಮೇಡಂ ಕೇಳಿದರು, "ಈ ಕುಣಿತದ ಸಂಯೋಜಕರು ಯಾರು?"

ದೊಡ್ಡಪ್ಪ ನನ್ನ ಮುಖ ನೋಡಿದ. "ಹೆಜ್ಜೆ ಕಟ್ಟಿದ್ದು ಯಾರು ಅಂತ ಕೇಳ್ತಾವ್ರೆ ದೊಡ್ಡಪ್ಪ" ಎಂದೆ.

ಅವನು ಮೀಸೆ ಒರೆಸಿಕೊಂಡ. "ಇನ್ಯಾರು ಕಟ್ತಾರೆ? ನಾನೇ."

ಬಾಗಿಲ ಹತ್ತಿರ ಕಾಫಿ ಲೋಟ ಹಿಡಿದು ನಿಂತಿದ್ದ ರತ್ನಕ್ಕ ಲೋಟವನ್ನು ನೆಲಕ್ಕೆ ಕುಕ್ಕಿ ಒಳಗೆ ಹೋದಳು. ಅದುವರೆಗೆ ಅವಳು ಮಾಡಿದ ಕೆಲಸಕ್ಕೆ ಒಂದು ಹೆಸರೂ ಇರಲಿಲ್ಲ, ಹೆಸರಿಲ್ಲದ್ದನ್ನು ಕದಿಯಬೇಕೆಂದು ಯಾರಿಗೂ ಅನ್ನಿಸಿರಲಿಲ್ಲ. ಮೇಡಂ ಹೆಸರು ತಂದುಕೊಟ್ಟರು, ಅರೆಗಳಿಗೆಯಲ್ಲಿ ಕಳ್ಳ ಹುಟ್ಟಿಕೊಂಡ. ಮತ್ತೆ ನಾನು? ಎಲ್ಲ ಗೊತ್ತಿದ್ದ ನಾನು, 'ಸಂಯೋಜಕ: ಮುನಿವೆಂಕಟಯ್ಯ' ಎಂದು ಅಂದವಾಗಿ ಬರೆದುಕೊಂಡೆ. ಈಗಲೂ ಆ ಕೈ ನೋಡಿದರೆ ನನಗೇ ಹೇಸಿಗೆ.

ಹೊರಡುವಾಗ ರತ್ನಕ್ಕ ನನ್ನನ್ನು ಹಿತ್ತಲಿಗೆ ಎಳೆದುಕೊಂಡು ಹೋದಳು.

"ಅದೇನೋ ಅಂದ್ರಲ್ಲ, ಸಂಯೋಜಕ ಅಂತ. ಎಣ್ಣಿಗೂ ಐತಾ ಆ ಪದ?"

"ಐತೆ ದೊಡ್ಡಮ್ಮ. ಸಂಯೋಜಕಿ."

"ಅಂಗಾದ್ರೆ ನನ್ನೆಸ್ರು ಬರಿ. ನಂಗೆ ದುಡ್ಡು ಬ್ಯಾಡ, ಶಾಲು ಬ್ಯಾಡ. ಎಸ್ರು ಒಂದು ಬರ್ದುಬಿಡು ಸಾಕು."

ಮಾರನೆಯ ದಿನವೇ ಮೇಡಂ ಹತ್ತಿರ ಹೋಗಿ ಎಲ್ಲ ಹೇಳಿದೆ. ಅವರು ನಕ್ಕರು. "ಜಾನಪದದಲ್ಲಿ ಹೊತ್ತವನೇ ಕರ್ತೃ ವನಿತಾ. ಹೆಂಗಸರದು ಸಹಾಯಕ ಪಾತ್ರ. ಮನೇಲಿ ಅವರವರಲ್ಲಿ ಏನೋ ಇರುತ್ತೆ, ಅದನ್ನೆಲ್ಲ ನಾವು ಬರೆಯೋಕಾಗಲ್ಲ. ಅಲ್ಲದೆ ಆ ಪುಟ ಪ್ರೆಸ್ಸಿಗೆ ಹೋಯ್ತಲ್ಲ." ಪುಟ ಹೋಗಿರಲಿಲ್ಲ. ನನ್ನ ಕಂಪ್ಯೂಟರಿನಲ್ಲೇ ಇತ್ತು. ಅದನ್ನೂ ನಾನು ಬಾಯಿಬಿಟ್ಟು ಹೇಳಲಿಲ್ಲ.

ಪುಸ್ತಕದಲ್ಲಿ ಹೀಗೆ ಬಂತು: 'ಮುದ್ದೆ ತಿರುವು: ಸಂಯೋಜಕ ಮುನಿವೆಂಕಟಯ್ಯನವರು ಅಡುಗೆಮನೆಯ ಅನುಭವವನ್ನು ಚಲನೆಗೆ ಇಳಿಸಿದ ಬಗೆ.' ಅಡುಗೆಮನೆಯ ಅನುಭವ! ಜನ್ಮದಲ್ಲಿ ಒಂದು ದಿನ ಮುದ್ದೆ ಕೋಲು ಮುಟ್ಟದ ಗಂಡಸು. ತಿಂದ ತಟ್ಟೆಯಲ್ಲೇ ಕೈ ತೊಳೆದು ಏಳುವ ಗಂಡಸು. ಅಯ್ಯಪ್ಪಾ, ಆ ಪ್ರೂಫನ್ನೂ ನಾನೇ ನೋಡಿ ಕಳಿಸಿದೆ.

ಬಿಡುಗಡೆಯ ದಿನ ವಿಶ್ವವಿದ್ಯಾಲಯದ ಎ.ಸಿ. ಸಭಾಂಗಣ. ಸಂಯೋಜಕರಿಂದ ಪ್ರಾತ್ಯಕ್ಷಿಕೆ ಎಂದು ಆಹ್ವಾನ ಪತ್ರಿಕೆಯಲ್ಲಿ ಅಚ್ಚಾಗಿತ್ತು. ದೊಡ್ಡಪ್ಪ ಹೊಸ ಪಂಚೆಯಲ್ಲಿ ಮದುವಣಿಗನಾಗಿದ್ದ. ತಮಟೆಯ ಮುರುಗೇಶ ಕಟ್ಟಡದ ಹಿಂದೆ ಪೇಪರು ಸುಟ್ಟು ತಮಟೆ ಕಾಯಿಸಿಕೊಂಡು ಬಂದ. ಬಾಗಿಲಲ್ಲಿ ವಾಚ್‌ಮನ್ ರತ್ನಕ್ಕನ ತಟ್ಟೆಯಿಂದ ಕರ್ಪೂರದ ಡಬ್ಬಿ ಎತ್ತಿಟ್ಟುಕೊಂಡ. ಒಳಗೆ ಬೆಂಕಿ ಕೂಡದಂತೆ. ಅತಿಥಿಗಳು ಬೆಳಗಿದ್ದೂ ಸ್ವಿಚ್ ಒತ್ತಿದರೆ ಉರಿಯುವ ದೀಪವನ್ನೇ. "ಆರತಿ ಇಲ್ಲ ಅಂದ್ಮೇಲೆ ಅಮ್ಮ ಸ್ಟೇಜ್ ಮೇಲೆ ಯಾಕೆ? ಕೆಳಗೆ ಕೂತು ಆರಾಮಾಗಿ ನೋಡ್ಲಿ" ಎಂದರು ಮೇಡಂ. ರತ್ನಕ್ಕನನ್ನು ಹಿಂದಿನ ಸಾಲಿಗೆ ಕಳಿಸಿದರು. ದೊಡ್ಡಪ್ಪನ ಅಂಗಿಗೆ ಮೈಕು ಸಿಕ್ಕಿಸುತ್ತಿದ್ದರು, ಅವನು ಅದನ್ನೇ ನೋಡಿಕೊಳ್ಳುತ್ತಿದ್ದ.

ಪೂಜೆ ತಲೆಗೇರಿತು. ತಮಟೆ ಶುರುವಾಯಿತು. ಮೂರು ಹೆಜ್ಜೆ ಮುಂದೆ, ಮೂರು ಹೆಜ್ಜೆ ಹಿಂದೆ. ಮುಂದೇನು? ದೊಡ್ಡಪ್ಪ ಕಣ್ಣಲ್ಲಿ ತಟ್ಟೆ ಹುಡುಕಿದ. ಎದುರಿಗೆ ಬರೀ ದೀಪದ ಬೆಳಕು. ಮತ್ತೆ ಮೂರು ಮುಂದೆ, ಮೂರು ಹಿಂದೆ. ಹತ್ತು ನಿಮಿಷ ಇದೇ ಆಯಿತು. ನನ್ನ ಮುಂದಿನ ಸಾಲಿನ ಹುಡುಗಿಯೊಬ್ಬಳು, "ವಾವ್, ಎಷ್ಟು ಮಿನಿಮಲ್ ಅಲ್ವಾ?" ಎಂದಳು. ಮೇಡಂ ಮೈಕು ಹಿಡಿದು, "ಇದನ್ನೇ ನಾವು ಪುನರಾವರ್ತನೆ ಎನ್ನುವುದು. ಪುಟ ಅರವತ್ತೆರಡು" ಎಂದರು. ಚಪ್ಪಾಳೆ! ಬೆಪ್ಪನಿಗೆ ದಾರಿ ತಪ್ಪಿದೆ, ಇವರಿಗೆ ಅದು ಕಲೆ.

ದೊಡ್ಡಪ್ಪನ ಕಾಲು ನಡುಗತೊಡಗಿತು. ಕತ್ತಿನ ನರ ಹಗ್ಗದ ಹಾಗೆ ಎದ್ದಿತು. ಇಳಿಸೋಣವೆಂದರೆ ಆರತಿ ಆಗಿಲ್ಲ. ಆಗ ಸ್ಪೀಕರಿನಲ್ಲಿ ಅವನ ದನಿ ಸಣ್ಣಗೆ ಕೇಳಿಸಿತು. "ರತ್ನೀ... ಲೇ ರತ್ನೀ..."

ರತ್ನಕ್ಕ ನನ್ನ ಪಕ್ಕದಲ್ಲಿ ಕೈ ಕಟ್ಟಿಕೊಂಡು ಕೂತಿದ್ದಳು. "ದೊಡ್ಡಮ್ಮ, ಬಿದ್ದೋಗ್ತಾರೆ" ಎಂದೆ.

"ಅವ್ನೇ ಕಟ್ಟಿದ್ದಲ್ವಾ? ಅವ್ನೇ ಇಳಿಸ್ಕಳ್ಳಿ" ಎಂದಳು. ಆಮೇಲೆ, "ಅಮ್ಮನೋರೇನು ಪಾಪ ಮಾಡವ್ಳೆ?" ಎಂದು ತಾನೇ ಗೊಣಗಿಕೊಂಡು, ತಟ್ಟೆ ಎತ್ತಿಕೊಂಡು ಎದ್ದಳು.

ಮೆಟ್ಟಿಲು ಹತ್ತಿ ಅವನ ಎದುರಿಗೆ ನಿಂತಳು. ತಟ್ಟೆ ಎಡಕ್ಕೆ ವಾಲಿತು, ಪೂಜೆ ಮೊರ ಕೇರಿತು. ತಟ್ಟೆ ಎದೆಗೆ ಬಂತು, ಪೂಜೆ ಸೊಪ್ಪು ಬಿಡಿಸಿತು. ಒಂಬತ್ತನ್ನೂ ಬಿಡಲಿಲ್ಲ ಅವಳು. ಕೊನೆಗೆ ಗಾಳಿಯಲ್ಲಿ ಸೊನ್ನೆ ಬರೆದಾಗ ಆ ಮುದುಕ ನಡುಗುವ ಕಾಲಿನಲ್ಲೇ ಪೂರ್ತಿ ಸುತ್ತು ಬಂದ. ಸಭೆ ಎದ್ದು ನಿಂತಿತು. ತಮಟೆ ನಿಂತಿತು. ಇನ್ನು ಆರತಿ ಒಂದೇ ಬಾಕಿ.

ರತ್ನಕ್ಕ ಸೆರಗಿನ ಗಂಟು ಬಿಚ್ಚಿ ಒಂದು ಬಿಲ್ಲೆ ಕರ್ಪೂರ ತೆಗೆದಳು. ವಾಚ್‌ಮನ್ ಗಂಟು ನೋಡಿರಲಿಲ್ಲ. ಮುರುಗೇಶನ ಜೇಬಿನಿಂದ ಬೆಂಕಿಪೊಟ್ಟಣ ಇಸಿದುಕೊಂಡಳು. ಕಡ್ಡಿ ಕೈಯಲ್ಲಿ ಹಿಡಿದಳು, ಗೀರಲಿಲ್ಲ.

"ಯಾರು ಕಟ್ಟಿದ್ದು?" ಎಂದಳು.

ಅವನ ಅಂಗಿಯ ಮೈಕಿನಿಂದ ಅದು ಇಡೀ ಸಭಾಂಗಣಕ್ಕೆ ಕೇಳಿಸಿತು. ದೊಡ್ಡಪ್ಪನ ಮೀಸೆಯಿಂದ ಬೆವರು ಹನಿಯುತ್ತಿತ್ತು.

"ಯಾರು ಕಟ್ಟಿದ್ದು? ಏಳಿದ್ರೆ ಬೆಳಗ್ತೀನಿ."

"ನೀನು" ಎಂದ. "ನೀನೇ ಕಣೆ, ಬೆಳಗು."

ಗೀರಿದಳು, ಬೆಳಗಿದಳು, ಇಳಿಸಿದರು. ನಾನು ಎದ್ದು ನಿಂತು ಅಳುತ್ತಾ ಚಪ್ಪಾಳೆ ಹೊಡೆದೆ. ಈಗಲಾದರೂ ತಿಳಿಯಿತಲ್ಲ, ಇನ್ನು ಪುಸ್ತಕ ತಿದ್ದುತ್ತಾರೆ ಎಂದುಕೊಂಡೆ. ನನ್ನಂಥ ದಡ್ಡಿ ಇನ್ನೊಬ್ಬಳಿಲ್ಲ.

ಪುಸ್ತಕ ತಿದ್ದಿದರು, ನಿಜ. ಎರಡನೇ ಮುದ್ರಣದ ಕರಡು ನನ್ನ ಮೇಜಿಗೇ ಬಂತು. ನೂರೆರಡನೆಯ ಪದ ಸೇರಿತ್ತು. 'ಪ್ರಶ್ನೋತ್ತರ: ಪೂಜೆ ಕುಣಿತದ ಅಂತ್ಯದಲ್ಲಿ ಆರತಿ ಹಿಡಿದ ಸ್ತ್ರೀಯು ಯಾರು ಕಟ್ಟಿದ್ದು ಎಂದು ಕೇಳಿ, ಹೊತ್ತವನು ನೀನು ಎಂದು ಉತ್ತರಿಸುವ ಪ್ರಾಚೀನ ಆಚರಣೆ. ಇಲ್ಲಿ ನೀನು ಎಂದರೆ ದೇವಿ. ಜಗತ್ತನ್ನು ಕಟ್ಟಿದವಳು ಎಂಬ ಅರ್ಥ.' ಸಂಯೋಜಕ ಮಾತ್ರ ಅದೇ ಮುನಿವೆಂಕಟಯ್ಯ.

ಆ ಹಾಳೆ ಹರಿಯುವ ಹಾಗಾಯಿತು. ಹರಿಯಲಿಲ್ಲ, ರಾಜಾನುಕುಂಟೆಗೆ ಒಯ್ದೆ. ಶಾಲೆಯ ಅಂಗಳದಲ್ಲಿ ಅಕ್ಕಿ ಆರಿಸುತ್ತಿದ್ದ ರತ್ನಕ್ಕನಿಗೆ ಓದಿ ಹೇಳಿದೆ. "ಉಗೀಬೇಕು ದೊಡ್ಡಮ್ಮ ಇವ್ರ ಮಕಕ್ಕೆ. ನಾನು ಕೆಲ್ಸ ಬಿಡ್ತೀನಿ" ಎಂದೆ.

ಅವಳು ಅಕ್ಕಿಯಿಂದ ಒಂದು ಕಲ್ಲು ಹೆಕ್ಕಿ ಎಸೆದಳು. "ಆಚಾರ ಅಂತ ಬರ್ದವ್ರಾ?"

"ಹೂಂ."

"ತಾತನ ಕಾಲ್ದಿಂದ ಬಂದಿದ್ದು ಅಂತಾನೂ?"

"ಹೂಂ ದೊಡ್ಡಮ್ಮ."

"ಅಂಗಾದ್ರೆ ಇನ್ನ ಕೇಳೋದು ಬಿಡೋ ಅಂಗಿಲ್ಲ ಬಿಡು" ಎಂದಳು.

ಹೋದ ತಿಂಗಳು ಬಾಗಲಗುಂಟೆಯಲ್ಲಿ ಪೂಜೆ ಇತ್ತು. ರಸ್ತೆ ತುಂಬ ಜನ. ಮುದ್ದೆ ತಿರುವು ಮುಗಿಯಿತು, ತಮಟೆ ನಿಂತಿತು. ರತ್ನಕ್ಕ ಕಡ್ಡಿ ಹಿಡಿದು ನಿಂತಳು.

"ಯಾರು ಕಟ್ಟಿದ್ದು?"

"ನೀನು" ಎಂದ ದೊಡ್ಡಪ್ಪ.

"ಯಾವ ನೀನು?"

ಇಪ್ಪತ್ತು ಕೆ.ಜಿ. ತಲೆಯ ಮೇಲೆ, ಸಾವಿರ ಜನ ಸುತ್ತಲೂ. ದೊಡ್ಡಪ್ಪ ಕಣ್ಣು ಮುಚ್ಚಿಕೊಂಡು ಕೂಗಿದ, "ನನ್ನ ಎಂಡ್ತಿ! ರತ್ನಕ್ಕ! ಇಸ್ಕೂಲಲ್ಲಿ ಅಡಿಗೆ ಮಾಡೋಳು!"

ಆಮೇಲೆ ಕಡ್ಡಿ ಗೀರಿದಳು.