ಚಾಚಾ ಅದ್ದುತ್ತಿದ್ದ ಬೆರಳು

ಕಳೆದ ವಾರ ನನ್ನ ಸಂಶೋಧನಾ ವಿದ್ಯಾರ್ಥಿನಿಯೊಬ್ಬಳು ಶಿಡ್ಲಘಟ್ಟದಲ್ಲಿ ಹದಿನೈದು ದಿನ ಇದ್ದು ಬಂದಳು. "ಸಾರಿ ಮೇಡಂ, ದುಪಟ್ಟಾ ಎರಡು ಸಲ ಒಗ್ದೆ, ವಾಸ್ನೆ ಹೋಗ್ಲಿಲ್ಲ" ಎಂದು ಬಾಗಿಲಲ್ಲೇ ನಿಂತಳು. ಬೆಂದ ರೇಷ್ಮೆಗೂಡಿನ, ಅದರೊಳಗೆ ಸತ್ತ ಹುಳದ ವಾಸನೆ... ಬೇರೆಯವರಾದರೆ ಮೂಗು ಮುಚ್ಚಿಕೊಳ್ಳುತ್ತಾರೆ. ನನಗೆ ಚಾಚಾ ನೆನಪಾದರು.

ನಾನು ಚಿಂತಾಮಣಿ ಕಡೆಯವಳು. 'ವಿಜ್ಞಾನ, ತಂತ್ರಜ್ಞಾನ ಮತ್ತು ಸಮಾಜ' ಎಂಬ ವಿಷಯದಲ್ಲಿ ಪಿಎಚ್.ಡಿ.ಗೆ ಸೇರಿದಾಗ ಅದೇನೆಂದು ಮನೆಯವರಿಗೆ ವಿವರಿಸುವಷ್ಟರಲ್ಲಿ ಸಾಕುಸಾಕಾಗಿತ್ತು. ಹೊಸ ಉಪಕರಣಗಳು ಬಂದಾಗ ಕೈಕೆಲಸದವರ ತಿಳಿವಳಿಕೆ ಏನಾಗುತ್ತದೆ ಎಂಬುದು ನನ್ನ ಪ್ರಶ್ನೆ. ಶಿಡ್ಲಘಟ್ಟದಲ್ಲಿ ಗೂಡಿನಿಂದ ನೂಲು ತೆಗೆಯುವ ಒಂದು ಸಣ್ಣ ಘಟಕದ ಯಜಮಾನರು ನನ್ನನ್ನು ಒಳಗೆ ಬಿಟ್ಟುಕೊಂಡರು. ಅವರನ್ನೇ ನಾನು ಚಾಚಾ ಎನ್ನುತ್ತಿದ್ದುದು. "ಕೂತ್ಕೋ ಬೇಟಿ, ಬರ್ಕೋ. ನಮ್ ಕೆಲ್ಸಾನೂ ಓದೋರು ಇದಾರೆ ಅಂತಾಯ್ತು" ಎಂದಿದ್ದರು.

ಗೂಡು ಬೇಯಿಸುವ ನೀರು ಹದಕ್ಕೆ ಬಂದಿದೆಯೇ ಎಂದು ಚಾಚಾ ತೋರುಬೆರಳನ್ನು ಸರಕ್ಕನೆ ಅದ್ದಿ ತೆಗೆಯುತ್ತಿದ್ದರು. ಪಕ್ಕದಲ್ಲೇ ಥರ್ಮಾಮೀಟರ್ ನೇತಾಡುತ್ತಿತ್ತು. ಅದರ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ನಾನು ಮರುಳಾದೆ. ಆ ಬೆರಳಿನ ಮೇಲೆ ನಲವತ್ತು ಪುಟದ ಅಧ್ಯಾಯವನ್ನೇ ಬರೆದೆ. ಎಂದೂ ಹೊಗಳದ ನನ್ನ ಗೈಡ್ ಕೂಡ ಹೊಗಳಿದರು. ಪ್ರಬಂಧ ಸಲ್ಲಿಸಲು ಎರಡು ತಿಂಗಳಿತ್ತು.

ಅದಕ್ಕೂ ಮುಂಚೆ ಚಾಚಾಗೆ ಓದಿ ಹೇಳೋಣವೆಂದು ಹೋದೆ. ಇಂಗ್ಲಿಷಿನಲ್ಲಿದ್ದದ್ದನ್ನು ಕನ್ನಡದಲ್ಲಿ ಹೇಳುತ್ತಾ ಹೋದೆ. ಟೀ ಆರಿಹೋಗುವವರೆಗೂ ಕೇಳಿಸಿಕೊಂಡು, ಕೈಯನ್ನು ನನ್ನ ಮುಂದೆ ಚಾಚಿದರು. ಬೆರಳ ತುದಿಗಳು ಬಿಳಿಚಿ ಜಡ್ಡುಗಟ್ಟಿದ್ದವು.

"ಈ ಬೆರಳಿಗೆ ಬಿಸಿ ಗೊತ್ತಾಗಿ ಎಷ್ಟೋ ವರ್ಷ ಆಯ್ತು ಬೇಟಿ. ಹೊರಗಿನೋರು ಬಂದಾಗ ಯಜಮಾನ ಅಂತ ಏನಾದ್ರೂ ತೋರಿಸ್ಬೇಕಲ್ಲ, ಅದ್ದ್ತೀನಿ. ನೀರು ನೋಡೋದು ಆಯಮ್ಮ."

ಆಯಮ್ಮ ಎಂದರೆ ಬಿಸಿನೀರಿನ ಬೇಸಿನ್ ಮುಂದೆ ಕೂತು ಗೂಡಿನ ಎಳೆಯ ತುದಿ ಹುಡುಕುತ್ತಿದ್ದ ಅಕ್ಕ, ಪಕ್ಕದ ಹಳ್ಳಿಯವರು. ಆರು ತಿಂಗಳು ಅವರ ಪಕ್ಕದ ಸ್ಟೂಲಿನಲ್ಲೇ ಕೂತಿದ್ದ ನಾನು "ಊಟ ಆಯ್ತಾಕ್ಕ" ಎಂಬುದನ್ನು ಬಿಟ್ಟು ಏನನ್ನೂ ಕೇಳಿರಲಿಲ್ಲ. ನಾಚಿಕೆಯಾಯಿತು. ಮೊದಲೇ ಹೇಳಬಾರದಿತ್ತೇ ಎಂದು ಚಾಚಾ ಮೇಲೆ ಸಿಟ್ಟೂ ಬಂತು.

"ನೀನು ಕೇಳ್ಲಿಲ್ವಲ್ಲ" ಎಂದರು.

ಅಧ್ಯಾಯವನ್ನು ಹಾಗೇ ಕೊಟ್ಟಿದ್ದರೆ ಡಿಗ್ರಿ ಸಿಗುತ್ತಿತ್ತು, ಯಾರಿಗೂ ಗೊತ್ತಾಗುತ್ತಿರಲಿಲ್ಲ. ಬಸ್ಸು ಚಿಂತಾಮಣಿ ಮುಟ್ಟುವವರೆಗೂ ಅದೇ ಯೋಚನೆ... ಮರುದಿನ ಗೈಡ್‌ಗೆ ಫೋನ್ ಮಾಡಿ ಇನ್ನೊಂದು ವರ್ಷ ಕೇಳಿದೆ. ಚೆನ್ನಾಗಿ ಬೈದರು, ಆಮೇಲೆ ಒಪ್ಪಿದರು.

ಮತ್ತೆ ಹೋದಾಗ ಚಾಚಾ ನನ್ನ ಸ್ಟೂಲನ್ನು ಅಕ್ಕನ ಕಡೆಗೆ ತಿರುಗಿಸಿ ಇಟ್ಟಿದ್ದರು. ಅಕ್ಕ ನಕ್ಕರು.

"ಅಯ್ಯೋ, ನನ್ನ ಕೇಳಿ ಏನ್ ಬರ್ಕೊಂತೀಯಮ್ಮ? ನೀರು ಕುದಿಯೋ ಸದ್ದು ಕೇಳ್ತೀನಿ, ಅಷ್ಟೇ."

"ಮತ್ತೆ ಆ ಥರ್ಮಾಮೀಟರ್?"

"ಅದನ್ನ ಹಾಕ್ಸಿದ್ದು ನಾನೇ ಕಣಮ್ಮ. ಹೊಸಬ್ರು ಬಂದ್ರೆ ಸದ್ದು ಕೇಳಿ ಕಲಿಯೋಕೆ ವರ್ಷಗಟ್ಲೆ ಬೇಕು. ಅಲ್ಲೀಗಂಟ ಅವ್ರ ಕೈ ಸುಡ್ಬಾರ್ದಲ್ಲ."

ನನ್ನ ನಲವತ್ತು ಪುಟ ಅಲ್ಲಿಗೆ ಮುಗಿಯಿತು. ನಿಜವಾದ ಪ್ರಬಂಧ ಶುರುವಾದದ್ದೂ ಅಲ್ಲೇ.

ಪ್ರಬಂಧದ ಪ್ರತಿ ಹಿಡಿದು ಹೋಗುವಷ್ಟರಲ್ಲಿ ಚಾಚಾ ತೀರಿಕೊಂಡು ಮೂರು ತಿಂಗಳಾಗಿತ್ತು. ಅಕ್ಕ ಕೈಯನ್ನು ಸೆರಗಿಗೆ ಒರೆಸಿಕೊಂಡು ಪುಟ ತಿರುಗಿಸಿದರು. "ಸಾಹೇಬ್ರು ಎಲ್ಲವ್ರೆ ಇದ್ರಲ್ಲಿ?" ಎಂದು ಕೇಳಿದರು. ಚಾಚಾ ಹೆಸರಿದ್ದ ಸಾಲು ತೋರಿಸುವಾಗ ನನಗೆ ಅಳು ಬಂತು. ತಮ್ಮ ಮೇಲೆ ಬರೆದದ್ದನ್ನು ತಾವೇ ಬೇರೆಯವರಿಗೆ ಬಿಟ್ಟುಕೊಟ್ಟ ಇನ್ನೊಬ್ಬರನ್ನು ನಾನು ಆಮೇಲೆ ಕಂಡಿಲ್ಲ.

ವಿದ್ಯಾರ್ಥಿನಿ ಟೇಬಲ್ಲಿನ ಮೇಲೆ ನೋಟ್‌ಬುಕ್ ತೆರೆದಳು. ಅಚ್ಚುಕಟ್ಟಾದ ಟಿಪ್ಪಣಿಗಳು. ಎಲ್ಲ ಓದಿ, "ಅಲ್ಲಿ ಯಾರನ್ನ ಮಾತಾಡಿಸ್ಲಿಲ್ಲ?" ಎಂದು ಕೇಳಿದೆ. ಅವಳು ಪುಟಗಳನ್ನು ಒಮ್ಮೆ ತಿರುವಿ ನೋಡಿ, ನೋಟ್‌ಬುಕ್ ಮುಚ್ಚಿದಳು.

"ನಾಳೆ ಮತ್ತೆ ಹೋಗ್ತೀನಿ ಮೇಡಂ."

ಇದನ್ನು ಚಾಚಾಗೆ ಹೇಳಬೇಕಿತ್ತು.