ಮಂಗಳ ಹಾಡಿದ ಮೇಲೆ ಬಂದ ಅಪ್ಪಣೆ

ಕಳೆದ ತಿಂಗಳ ಎರಡನೇ ಸೋಮವಾರ ಬೆಳಿಗ್ಗೆ, ಸಿಂಧನೂರಿನ ನನ್ನ ಮನೆಯಲ್ಲಿ, ಪಾಮನಕಲ್ಲೂರಿನ ಅಮರಪ್ಪ ತಾತ ತಮ್ಮ ಸಾವಿಗೆ ತಾವೇ ಹಾಡಿದರು. ಆ ರೆಕಾರ್ಡಿಂಗ್ ನನ್ನ ಲ್ಯಾಪ್‌ಟಾಪಿನಲ್ಲಿದೆ. ನಿಮಿಷಕ್ಕೊಮ್ಮೆ ಅದರಲ್ಲಿ ಧ್ವನಿ ಕಡಿಯುತ್ತದೆ.

ವಿಷಯ ಮೊದಲಿನಿಂದ ಹೇಳಬೇಕು.

ಅಮರಪ್ಪ ತಾತ ಭಜನೆಯವರು. ಮಸ್ಕಿ ಸುತ್ತಲಿನ ಊರುಗಳಲ್ಲಿ ಯಾರ ಮನೆಯಲ್ಲಿ ಸಾವಾದರೂ ಅವರಿಗೆ ಕರೆ ಹೋಗುತ್ತದೆ. ಮಣ್ಣಿಗೆ ಒಯ್ಯುವವರೆಗೆ ಹೆಣದ ಮುಂದೆ ಕುಳಿತು ಹಾಡುತ್ತಾರೆ. ಅವರಿಗೆ ಗಂಟಲಿನ ಕ್ಯಾನ್ಸರ್. ಧ್ವನಿಪೆಟ್ಟಿಗೆ ತೆಗೆಯಲೇಬೇಕು ಎಂದು ರಾಯಚೂರಿನ ವೈದ್ಯರು ಹೇಳಿದ್ದರು. ಆಪರೇಷನ್ ಆ ವಾರದ ಶುಕ್ರವಾರಕ್ಕೆ ನಿಗದಿಯಾಗಿತ್ತು.

ಮಗಳು ಶಿವಮ್ಮನನ್ನು ಕರೆದುಕೊಂಡು ಬಂದವರು ನೇರವಾಗಿಯೇ ಕೇಳಿದರು.

"ಪೇಪರ್ ಸರ, ಎಲ್ಲಾರ ಮಣ್ಣಿಗೂ ನಾ ಹಾಡೀನಿ. ನನ್ನ ಮಣ್ಣಿಗೆ ಯಾರ ಹಾಡಬೇಕು?"

"ನಿಮ್ಮೂರಾಗ ಭಜನಿ ಹುಡುಗ್ರು ಅದಾರಲ್ಲ ತಾತ?"

"ಅವ್ರಾ? ಮೊಬೈಲ್ ನೋಡಿ ಹಾಡ್ತಾರ. ಚಾರ್ಜ್ ಮುಗಿದ್ರ ಪದಾನೂ ಮುಗೀತೈತಿ. ನಂದ ನೀವು ಹಿಡಿದಿಡ್ರಿ. ನಾ ಹ್ವಾದ ದಿನ ಅದನ್ನ ಹಚ್ಚಲಿ."

(ಯಾರೂ ಮೊಬೈಲಿನಲ್ಲಿ ಮೊದಲೇ ಹಿಡಿದಿರಲಿಲ್ಲವೇ ಎಂದು ನೀವು ಕೇಳಬಹುದು. ಹೆಣದ ಮುಂದೆ ಮೊಬೈಲ್ ಎತ್ತಿದವರನ್ನು ಅವರು ಎಬ್ಬಿಸಿ ಹೊರಗೆ ಕಳಿಸಿದ್ದಾರೆ.)

ನನ್ನ ಮನೆಯ ಹಿಂದಿನ ಕೋಣೆಯಲ್ಲಿ ಒಂದು ಮೈಕು, ಒಂದು ಲ್ಯಾಪ್‌ಟಾಪು ಇವೆ. ನಾನು ಪತ್ರಿಕೆಯ ವರದಿಗಾರ; ರೈತರ, ವ್ಯಾಪಾರಿಗಳ ಸಂದರ್ಶನ ಮಾಡಲು ಇಟ್ಟುಕೊಂಡಿದ್ದು. ಪಕ್ಕದಲ್ಲೇ ರೈಸ್ ಮಿಲ್. ಅದರ ಗುಂಯ್ ಸದ್ದು ಬೀಳಬಾರದೆಂದು ಒಂದು ಪ್ಲಗಿನ್ ಕೊಂಡಿದ್ದೆ. ಪ್ಲಗಿನ್ ಎಂದರೆ ರೆಕಾರ್ಡಿಂಗ್ ಸಾಫ್ಟ್‌ವೇರಿನೊಳಗೆ ಕೂರಿಸುವ ಇನ್ನೊಂದು ಸಣ್ಣ ಸಾಫ್ಟ್‌ವೇರ್. ಮೈಕಿನಿಂದ ಬಂದ ಧ್ವನಿ ಮೊದಲು ಅದರ ಮೂಲಕ ಹಾಯ್ದು, ಸ್ವಚ್ಛವಾಗಿ, ನಂತರವೇ ಫೈಲಿಗೆ ಇಳಿಯುವಂತೆ ಜೋಡಿಸಿದ್ದೆ. ಆಮೇಲೆ ತಿದ್ದುತ್ತಾ ಕೂರುವ ಕೆಲಸ ಇರಬಾರದೆಂಬುದು ಸುದ್ದಿಮನೆಯ ಅಭ್ಯಾಸ.

ನಾನು ಹೆಡ್‌ಫೋನ್ ಏರಿಸಿಕೊಂಡೆ. ತಾತ ಏಕತಾರಿ ಕೆಳಗಿಟ್ಟರು.

"ಕಿವಿ ಮುಚ್ಚಿಕೊಂಡು ಕುಂತವ್ರ ಮುಂದ ನಾ ಹಾಡಂಗಿಲ್ಲ."

"ಇದರಾಗ ನಿಮ್ಮ ಧ್ವನಿ ಇನ್ನೂ ಚಲೋ ಕೇಳತೈತಿ ತಾತ."

"ನಾ ಎದುರಿಗೇ ಕುಂತೀನಲ್ರೀ. ಇಲ್ಲಿಂದ ಕೇಳಂಗಿಲ್ಲೇನು?"

ಶಿವಮ್ಮ ಕೈಸನ್ನೆ ಮಾಡಿದರು. ಹೆಡ್‌ಫೋನ್ ತೆಗೆದಿಟ್ಟೆ.

ಅವರು ಹಾಡುವ ಮುನ್ನ ಕೂಡಿದವರ ಅಪ್ಪಣೆ ಕೇಳುತ್ತಾರೆ. ಕೂಡಿದವರು ಕೊಟ್ಟರಷ್ಟೇ ಶುರು. "ಅಪ್ಪಣಿ ಐತೇನ್ರಪಾ?" ಎಂದರು. ಕೋಣೆಯಲ್ಲಿದ್ದವರು ಇಬ್ಬರೇ. "ಐತಿ, ನಡೀಲಿ" ಎಂದೆವು. ನಡುವೆ ನೀರು ಕುಡಿಯಲಿಲ್ಲ. ಕೊನೆಗೆ ಮಂಗಳ ಹಾಡಿ ಏಕತಾರಿಯನ್ನು ಹಣೆಗೆ ಒತ್ತಿಕೊಂಡರು. ಶಿವಮ್ಮ ಗೋಡೆ ಕಡೆ ಮುಖ ಮಾಡಿ ಕುಳಿತಿದ್ದರು.

ರೆಕಾರ್ಡಿಂಗ್ ಹಚ್ಚಿ ಕೇಳಿಸಿದೆ. ಮೊದಲ ಹಾಡಿನಲ್ಲೇ ಧ್ವನಿ ಪಟ್ಟನೆ ನಿಂತಿತು. ಕೆಲವು ಸೆಕೆಂಡು ಏನೂ ಇಲ್ಲ. ಮತ್ತೆ ಬಂತು.

ತಾತ ತಲೆ ಎತ್ತಿದರು. "ಇಲ್ಲೆ ನಾ ಉಸಿರು ತಗೊಂಡಿದ್ದಿಲ್ಲಲ್ಲ?"

ಹೌದು, ತೆಗೆದುಕೊಂಡಿರಲಿಲ್ಲ. ನಿಲ್ಲಿಸಿದ್ದು ಪ್ಲಗಿನ್. ಪರದೆಯ ಮೂಲೆಯಲ್ಲಿ, ಇನ್ನೊಂದು ವಿಂಡೋದ ಹಿಂದೆ, ಸಣ್ಣ ಅಕ್ಷರದಲ್ಲಿ ಬರೆದಿತ್ತು: ಈ ಕಂಪ್ಯೂಟರಿಗೆ ಪರವಾನಗಿ ಇಲ್ಲ, ಟ್ರಯಲ್ ಚಾಲ್ತಿಯಲ್ಲಿದೆ. ಟ್ರಯಲ್ ಎಂದರೆ ನಿಮಿಷಕ್ಕೊಮ್ಮೆ ಧ್ವನಿ ಕಡಿತ.

"ಏನಂತಾನ ಅವ?" ತಾತ ಲ್ಯಾಪ್‌ಟಾಪಿನ ಕಡೆ ಗಲ್ಲ ಎತ್ತಿ ಕೇಳಿದರು.

"ಅಪ್ಪಣಿ ಇಲ್ಲಂತ, ತಾತ."

"ಯಾರ ಅಪ್ಪಣಿ? ನೀವಿಬ್ರೂ ಕೊಟ್ಟೀರಲ್ಲ."

ಪ್ಲಗಿನ್ ತೆಗೆದುಬಿಡುತ್ತೇನೆ, ಮಿಲ್ಲಿನ ಸದ್ದು ಬಿದ್ದರೆ ಬೀಳಲಿ, ಇನ್ನೊಮ್ಮೆ ಹಾಡಿರಿ ಎಂದೆ. ಅವರು ಏಕತಾರಿಗೆ ಬಟ್ಟೆ ಸುತ್ತುತ್ತಿದ್ದರು.

"ಮಂಗಳ ಆಗೇತಲ್ರೀ. ಇವತ್ತು ಇನ್ನ ಹಾಡಂಗಿಲ್ಲ. ಬುಧವಾರ ಬರ್ತೀನಿ."

ಶಿವಮ್ಮ ಜಬರಿಸಿದರು. "ಯಪ್ಪಾ, ಸುಮ್ನ ಹಾಡು. ಮಷೀನಿಗೇನು ಮಂಗಳ ತಿಳೀತೈತೇನು?"

"ಮಷೀನ್ ಹಾಡೈತೇನ್ಲೇ ಮಂಗಳ? ನಾ ಹಾಡೀನಿ."

ಮಂಗಳವಾರ ಸಂಜೆ ಕೆಮ್ಮಿನಲ್ಲಿ ರಕ್ತ ಬಂತು. ಬುಧವಾರ ರಾಯಚೂರಿನಲ್ಲಿ ಆಪರೇಷನ್ ಆಯಿತು. ಧ್ವನಿಪೆಟ್ಟಿಗೆ ತೆಗೆದರು.

ಆ ದಿನವೇ ನಾನು ಪ್ಲಗಿನ್ ಕಂಪನಿಯ ಸಹಾಯ ವಿಭಾಗಕ್ಕೆ ಬರೆದೆ. ಧ್ವನಿ ಹೋದಲ್ಲೆಲ್ಲ ಮರಳಿ ಬರುತ್ತದೆಯೇ? ಉತ್ತರ ಕೂಡಲೇ ಬಂತು: ಪರವಾನಗಿ ಸಿಕ್ಕ ಮೇಲೆ ಪ್ರಾಜೆಕ್ಟ್ ಮತ್ತೆ ತೆರೆಯಿರಿ, ಕಡಿತ ಹೋಗುತ್ತದೆ. ನಂಬಿದೆ.

ದುಡ್ಡು ಕೊಟ್ಟು ಕೊಂಡಿದ್ದ ಪ್ಲಗಿನ್ನಿನ ಪರವಾನಗಿ ಹೋದದ್ದಾದರೂ ಹೇಗೆ? ಬೇಸಿಗೆಯಲ್ಲಿ ಕರೆಂಟಿನ ಏರಿಳಿತಕ್ಕೆ ಲ್ಯಾಪ್‌ಟಾಪಿನ ಮದರ್‌ಬೋರ್ಡ್ ಸುಟ್ಟಿತ್ತು. ಲಿಂಗಸುಗೂರಿನ ಮಹಿಬೂಬ್ ಎಂಬ ರಿಪೇರಿಯವರು ಬೇರೆ ಹಾಕಿಕೊಟ್ಟಿದ್ದರು. ಆಮೇಲೆ ಅದರಲ್ಲಿ ರೆಕಾರ್ಡಿಂಗ್ ಮಾಡಿದ್ದು ಇದೇ ಮೊದಲು. ಲ್ಯಾಪ್‌ಟಾಪ್ ಅದೇ, ಮಾಲೀಕ ಅವನೇ, ಪಾಸ್‌ವರ್ಡ್ ಅದೇ. ಕಂಪನಿಯ ಕಣ್ಣಿಗೆ ಮಾತ್ರ ಬೋರ್ಡೇ ಕಂಪ್ಯೂಟರ್. ಬೋರ್ಡ್ ಬದಲಾದರೆ ನಾನೂ ಬೇರೆಯವನು.

ಹೊಸದಕ್ಕೆ ಪರವಾನಗಿ ಬೇಕಾದರೆ ಹಳೆಯ ಕಂಪ್ಯೂಟರಿನಲ್ಲಿ ಲಾಗಿನ್ ಆಗಿ ಅಲ್ಲಿಂದ ಬಿಡಿಸಿಕೊಳ್ಳಿ ಎಂದರು. ಅದು ಸುಟ್ಟಿದೆ ಎಂದೆ. ಹಾಗಾದರೆ ಸುಟ್ಟ ಬೋರ್ಡಿನ ಫೋಟೋ ಕಳಿಸಿ ಎಂದರು. ಮಹಿಬೂಬ್‌ಗೆ ಫೋನ್ ಮಾಡಿದೆ.

"ಸತ್ತ ಬೋರ್ಡಿನ ಫೋಟೋ ಬೇಕಂತೇನ್ರೀ ಸರ? ಅದು ಗುಜರಿಗೆ ಹೋಗಿ ಬಾಳ ದಿನ ಆತು. ಅದರ ಮಯ್ಯತ್ ಆಗಿ ಮಣ್ಣೂ ಆಗೇತಿ ಅಂತ ಬರದ್ ಬಿಡ್ರಿ."

ಹಾಗೆ ಬರೆಯಲಾಗಲಿಲ್ಲ. ಅಂಗಡಿಯ ರಸೀದಿ ಕಳಿಸಿದೆ. ಕನ್ನಡದಲ್ಲಿದೆ, ಓದಲಾಗದು ಎಂದರು. ಇಂಗ್ಲಿಷಿನಲ್ಲಿ ಬರೆಸಿ ಕಳಿಸಿದೆ. ಪ್ರತಿ ಸಲವೂ ಹೊಸ ಹೆಸರಿನವರು ನಗುಮುಖದ ಚಿತ್ರದೊಂದಿಗೆ ಬಂದು, ನಿಮ್ಮ ಸಮಸ್ಯೆ ಏನು ಎಂದು ಮೊದಲಿನಿಂದ ಕೇಳಿದರು.

ಇದು ಪ್ಲಗಿನ್ ಒಂದರ ಕಥೆಯೇ? ನಾಟಿ ಮಾಡಿ ಬೆರಳು ಸವೆದ ಹೆಂಗಸರು ರೇಷನ್ನಿಗೆ ಹೆಬ್ಬೆಟ್ಟು ಒತ್ತಿ ಒತ್ತಿ ವಾಪಸಾಗುವುದನ್ನು ನಮ್ಮ ಕಡೆ ಯಾರು ನೋಡಿಲ್ಲ? ಆಕೆ ಎದುರಿಗೇ ನಿಂತಿದ್ದಾಳೆ. ಅಂಗಡಿಯವನಿಗೆ ಆಕೆಯ ಹೆಸರು, ಮಕ್ಕಳ ಹೆಸರು ಎಲ್ಲ ಗೊತ್ತು. ಆದರೂ ಆಕೆ ಆಕೆಯೇ ಎಂದು ದೂರದ ಸರ್ವರ್ ಒಪ್ಪಬೇಕು. ಅದು ತಪ್ಪಿದರೆ ಯಾರ ಹತ್ತಿರ ಜಗಳ ಆಡುವುದು? ಅಂಗಡಿಯವನು ಕೈ ಎತ್ತುತ್ತಾನೆ. ಸರ್ವರ್‌ಗೆ ಮುಖ ಇಲ್ಲ.

ಮೂರನೇ ವಾರ ಪರವಾನಗಿ ಬಂತು. ಪ್ರಾಜೆಕ್ಟ್ ತೆರೆದೆ. ಮೂಲೆಯ ಸಣ್ಣ ಅಕ್ಷರ ಹೋಗಿತ್ತು. ಕಡಿತ ಹೋಗಿರಲಿಲ್ಲ. ಧ್ವನಿ ಪ್ಲಗಿನ್ ಹಾಯ್ದು ಫೈಲಿಗೆ ಇಳಿದಿತ್ತು. ಅದು ನುಂಗಿದ್ದು ಎಲ್ಲಿಯೂ ಉಳಿದಿರಲಿಲ್ಲ. ಮತ್ತೆ ಬರೆದೆ. ಹಾಡಿದವರ ಧ್ವನಿಪೆಟ್ಟಿಗೆ ತೆಗೆದಿದ್ದಾರೆ ಎಂಬುದನ್ನೂ ಈ ಸಲ ಸೇರಿಸಿದೆ.

ಕಳೆದ ಭಾನುವಾರ ಪಾಮನಕಲ್ಲೂರಿಗೆ ಹೋಗಿದ್ದೆ. ತಾತ ಕಟ್ಟೆಯ ಮೇಲೆ ಕುಳಿತಿದ್ದರು, ಕತ್ತಿನಲ್ಲಿ ಉಸಿರಾಡುವ ಕೊಳವೆ. ಶಿವಮ್ಮನ ಮೊಬೈಲಿನಲ್ಲಿ ಅದೇ ರೆಕಾರ್ಡಿಂಗ್.

"ದಿನಾ ಹಚ್ಚಂತಾನ ಸರ. ಬ್ಯಾಡ ಅಂದ್ರ ಸಿಟ್ಟಿಗೇಳ್ತಾನ."

ಧ್ವನಿ ನಿಂತಿತು. ತಾತನ ಕೈ ತೊಡೆಯ ಮೇಲೆ ತಾಳ ಹಾಕುತ್ತಲೇ ಇತ್ತು. ತುಟಿ ಅಲುಗುತ್ತಿತ್ತು. ಧ್ವನಿ ಮರಳಿ ಬಂದಾಗ ಮುಂದಿನ ಸಾಲಿನ ಮೊದಲ ಮಾತಿಗೆ ಸರಿಯಾಗಿ ಬಂದರು. ನನ್ನ ಕಡೆ ನೋಡಿ, ಕೈ ತಿರುವಿ, ಏನಾಯಿತು ಎಂದು ಕೇಳಿದರು. ಕಾಯುತ್ತಿದ್ದೇವೆ ಎಂದೆ.

ಸೋಮವಾರ ಕಂಪನಿಯ ಉತ್ತರ ಬಂದಿದೆ. ಅದರ ಒಕ್ಕಣೆ: "ನಿಮ್ಮ ಪರವಾನಗಿ ಈಗ ಸರಿಯಾಗಿದೆ. ದಯವಿಟ್ಟು ಗಾಯಕರನ್ನು ಕರೆಸಿ ಇನ್ನೊಮ್ಮೆ ಹಾಡಿಸಿಕೊಳ್ಳಿ. ದೂರು ಬಗೆಹರಿದಿದೆ ಎಂದು ಮುಕ್ತಾಯಗೊಳಿಸಲಾಗಿದೆ."