ಕಳೆ ಕೀಳದ ತುಂಡು ನೆಲ

ಸಂಶೋಧನೆ ಮಾಡಿದವರ ನೆನಪುಗಳಲ್ಲಿ ಪ್ರಯೋಗಾಲಯ ಇರುತ್ತದೆ, ಗ್ರಂಥಾಲಯ ಇರುತ್ತದೆ, ಕಣ್ಣು ತೆರೆಸಿದ ಗುರುಗಳು ಇರುತ್ತಾರೆ. ನನ್ನ ನೆನಪಿನಲ್ಲಿ ಇರುವುದು ಬಸ್ಸು. ಹೊಸೂರಿನಿಂದ ಡೆಂಕಣಿಕೋಟೆಗೆ, ಅಲ್ಲಿಂದ ಇನ್ನೊಂದು ಬಸ್ಸಿನಲ್ಲಿ ಕಾಡಂಚಿನ ಹಳ್ಳಿಗೆ. ಕಿಟಕಿ ಪಕ್ಕ ಸೀಟು ಸಿಕ್ಕಿದರೆ ಬಾಯಿ ತೆರೆದು ನಿದ್ದೆ ಹೋಗುತ್ತಿದ್ದೆ. ಕಂಡಕ್ಟರ್ ತಮಿಳಿನಲ್ಲಿ ಗದರಿ ಎಬ್ಬಿಸಿದಾಗ ಮಡಿಲಲ್ಲಿದ್ದ ಗೂಟಗಳು, ಹುರಿಯ ಉಂಡೆ ಕಾಲಡಿಗೆ ಉರುಳಿರುತ್ತಿದ್ದವು.

ಎರಡು ಸಾವಿರದ ದಶಕದ ನಡುವಿನ ವರ್ಷಗಳವು. ಹೊಸೂರಿನ ಒಂದು ಖಾಸಗಿ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಪಾಠ ಹೇಳುತ್ತಿದ್ದೆ. ಗಂಡನಿಗೆ ಕಾರ್ಖಾನೆಯಲ್ಲಿ ಶಿಫ್ಟಿನ ಕೆಲಸ. ಕೋಲಾರದ ಕಡೆಯಿಂದ ಬಂದ ನಾವು ಊರಂಚಿನ ಆಲಸನತ್ತಂನಲ್ಲಿ ಬಾಡಿಗೆಗೆ ಇದ್ದೆವು. ಪಿಎಚ್‌ಡಿ ಇಲ್ಲದವರು ಇನ್ನು ಮುಂದೆ ಗಂಟೆ ಲೆಕ್ಕದ ಉಪನ್ಯಾಸಕರು ಎಂದು ಕಾಲೇಜಿನವರು ಹೇಳಿದ ದಿನದಿಂದ ನನಗೆ ಓದಿನ ಮೇಲೆ ಪ್ರೀತಿ ಹುಟ್ಟಿತು. ಅದಕ್ಕೂ ಮೊದಲು ಇತ್ತು ಎಂದು ಹೇಳಿಕೊಂಡರೆ ಸುಳ್ಳಾಗುತ್ತದೆ.

ಗೈಡ್ ಕೊಟ್ಟ ವಿಷಯ ರಾಗಿ ಹೊಲದ ಕಳೆ. ಹೊಲದಲ್ಲಿ ಚೌಕಾಕಾರದ ತುಂಡುಗಳನ್ನು ಅಳೆದು ಗೂಟ ಹೊಡೆಯಬೇಕು. ಒಂದರಲ್ಲಿ ಕೈಯಿಂದ ಕಳೆ ಕೀಳಿಸಬೇಕು, ಒಂದಕ್ಕೆ ಸಾಲಿನ ನಡುವೆ ಎತ್ತು ಕಟ್ಟಿ ಎಡೆಕುಂಟೆ ಹೊಡೆಸಬೇಕು, ಇನ್ನೊಂದಕ್ಕೆ ಕಳೆ ಕೊಲ್ಲುವ ಔಷಧಿ. ಕೊನೆಯ ತುಂಡನ್ನು, ಕಂಟ್ರೋಲ್ ಪ್ಲಾಟ್ ಎನ್ನುವುದನ್ನು, ಬಿತ್ತನೆಯಿಂದ ಕೊಯ್ಲಿನವರೆಗೆ ಯಾರೂ ಮುಟ್ಟಬಾರದು. ಮಾಡಿದ್ದರಿಂದ ಎಷ್ಟು ಲಾಭವಾಯಿತು ಎಂದು ತಿಳಿಯಬೇಕಾದರೆ ಏನೂ ಮಾಡದ ನೆಲ ಒಂದು ಪಕ್ಕದಲ್ಲಿ ಇರಬೇಕು. ಆ ತುಂಡು ಕೆಟ್ಟರೆ ಉಳಿದ ಯಾವ ಅಂಕಿಗೂ ಬೆಲೆಯಿಲ್ಲ. ಹೀಗೆ ಎರಡು ಊರಲ್ಲಿ, ಒಂದೊಂದು ಹಂಗಾಮು. ಗೈಡ್ ನಿವೃತ್ತಿಗೆ ಹೆಚ್ಚು ದಿನ ಇರಲಿಲ್ಲ. ಅವರು ಹೋದ ಮೇಲೆ ಬೇರೆ ಗೈಡ್, ಬೇರೆ ವಿಷಯ, ಮತ್ತೆ ಮೊದಲಿನಿಂದ ಅಆಇಈ.

ಮೊದಲ ಹಂಗಾಮನ್ನು ರಾಯಕೋಟೆಯ ಹತ್ತಿರ ಒಬ್ಬ ರೈತರ ಹೊಲದಲ್ಲಿ ಹೇಗೋ ಮುಗಿಸಿದೆ. ಎರಡನೆಯದಕ್ಕೆ ನೆನಪಾದದ್ದು ದೊಡ್ಡಮ್ಮ. ನನ್ನ ತಾಯಿಯ ದೊಡ್ಡಪ್ಪನ ಮಗಳು. ಮದುವೆಯಾಗಿ ಡೆಂಕಣಿಕೋಟೆಯ ಆಚೆಯ ಈ ಹಳ್ಳಿಗೆ ಬಂದವಳು. ಹೊಲ ಬೇಕು ಎಂದಾಗ ಯಾಕೆ ಎಂದೂ ಕೇಳಲಿಲ್ಲ.

"ಇರೋದ್ರಲ್ಲಿ ನಿಂಗ್ಯಾವುದ್ ಬೇಕೋ ಗೂಟ ಹೊಡ್ಕೊ ಹೋಗವ್ವ" ಎಂದಳು.

ಅವಳ ಗಂಡ, ನನ್ನ ದೊಡ್ಡಪ್ಪ, ಮಾತು ಕಡಿಮೆಯ ಮನುಷ್ಯ. ತೆನೆ ಬಲಿಯುವ ಕಾಲಕ್ಕೆ ಅಟ್ಟಣೆ ಹತ್ತಿ ಆನೆ ಕಾಯುವುದೇ ಅವರ ಜೀವನದ ದೊಡ್ಡ ಕೆಲಸ. ನನ್ನ ಭಯವೂ ಆನೆಯದೇ ಆಗಿತ್ತು. ಆನೆಗೆ ಕಂಟ್ರೋಲ್ ಪ್ಲಾಟ್ ಎಂದರೆ ಏನು ಗೊತ್ತು! ದೊಡ್ಡಮ್ಮನಿಗೆ ಮಾತ್ರ ಆ ತುಂಡನ್ನು ತೋರಿಸಿ, ಇದರ ಕಳೆ ಕೀಳುವುದು ಬೇಡ ಎಂದು ಹೇಳಿದೆ. ಹೊರಡುವಾಗ ಇನ್ನೊಮ್ಮೆ ಹೇಳಿದೆ. ಬಸ್ಸು ಹತ್ತಿಸಲು ಬಂದಾಗಲೂ ಹೇಳಿದೆ. ಅವಳು ಪ್ರತಿ ಸಲವೂ "ಆಯ್ತು ಬುಡವ್ವ" ಎಂದು ನಕ್ಕಳು.

ಆ ನಗು ನನಗೆ ಅರ್ಥವಾಗಬೇಕಿತ್ತು. ಆದರೆ ಆಗ ಕಾಲೇಜಿನವರು ನನ್ನನ್ನು ಮೂರು ವಾರ ರಿಫ್ರೆಶರ್ ಕೋರ್ಸಿಗೆ ದೂರದ ಊರಿಗೆ ಕಳಿಸಿದರು. ಹಾಸ್ಟೆಲಿನ ಸಾಂಬಾರು, ಬೆಳಗಿನಿಂದ ಸಂಜೆಯವರೆಗೆ ಭಾಷಣ. ಸಂಶೋಧನೆಯ ಮಹತ್ವದ ಬಗ್ಗೆ ಅವರು ಹೇಳುತ್ತಿದ್ದಷ್ಟೂ ಹೊತ್ತು ನನ್ನ ಸಂಶೋಧನೆ ಅಲ್ಲಿ ಹೊಲದಲ್ಲಿ ಹಾಳಾಗುತ್ತಿತ್ತು.

ವಾಪಸು ಬಂದು ನೋಡುತ್ತೇನೆ, ಎಲ್ಲ ತುಂಡುಗಳೂ ಒಂದೇ ಸಮ. ಮುಟ್ಟಬಾರದ ತುಂಡು ತಲೆಗೆ ಎಣ್ಣೆ ಹಚ್ಚಿ ಬಾಚಿ ಕೂರಿಸಿದ ಹುಡುಗಿಯ ಹಾಗಿತ್ತು. ಕೊನ್ನಾರಿ ಗಡ್ಡೆಯನ್ನೂ ಬಿಡದೆ ಕಿತ್ತಿದ್ದರು. ಬದುವಿನ ಮೇಲೆ ಒಣಗಿದ ಗರಿಕೆಯ ಗುಡ್ಡೆ. ದೊಡ್ಡಮ್ಮ ಸೆರಗಿನಲ್ಲಿ ಕೈ ಒರೆಸುತ್ತಾ ಬಂದಳು; ಮುಖದಲ್ಲಿ ಮಗಳಿಗೆ ಒಡವೆ ಮಾಡಿಸಿಟ್ಟವಳ ಹಿಗ್ಗು.

"ನೋಡವ್ವ ಎಂಗೈತೆ ನಿನ್ನ ಹೊಲ! ಮುಯ್ಯಾಳು ಬಂದಿದ್ರು. ನಮ್ದು ಬೇಗ ಮುಗೀತು, ಇನ್ನೂ ಹೊತ್ತಿತ್ತು. ಅಂಗೇ ಎಲ್ರೂ ಸೇರ್ಕೊಂಡು ನಿಂದೂ ಮಾಡ್ಬುಟ್ವಿ."

ಮುಯ್ಯಾಳು ಎಂದರೆ ಕೂಲಿಯ ಆಳಲ್ಲ. ಇವತ್ತು ನಿನ್ನ ಹೊಲಕ್ಕೆ ನಾನು, ನಾಳೆ ನನ್ನ ಹೊಲಕ್ಕೆ ನೀನು. ಆ ಲೆಕ್ಕದಲ್ಲಿ ನನ್ನ ಹೆಸರಿಗೆ ಇಡೀ ಊರಿನ ಹೆಂಗಸರ ಋಣ ಬಿದ್ದಿತ್ತು.

"ಬೇಡ ಅಂದಿದ್ದೆನಲ್ಲ ದೊಡ್ಡಮ್ಮ?" ಎಂದೆ.

"ನೀನು ಯಾವತ್ ಬೇಕು ಅಂದಿದ್ದೀಯ? ಮುದ್ದೆ ಇಕ್ಕುದ್ರೆ ಬೇಡ, ಸೀರೆ ಕೊಟ್ರೆ ಬೇಡ. ನಿನ್ನ ಸಂಕೋಚ ನಂಗೊತ್ತಿಲ್ವಾ?"

ಅವಳ ತಪ್ಪೇನು? ನಮ್ಮ ಮನೆಗಳಲ್ಲಿ ಮೊದಲ ಸಲಕ್ಕೇ ಬೇಕು ಎಂದವಳು ನಾಚಿಕೆಗೆಟ್ಟವಳು. ಬೇಡ ಬೇಡ ಎನ್ನುತ್ತಲೇ ಎಲೆ ಮುಂದೆ ಕೂರುವುದು ಮರ್ಯಾದೆ. ಆ ಮರ್ಯಾದೆ ನನಗೆ ಚಿಕ್ಕಂದಿನಿಂದ ಕಲಿಸಿದವರಲ್ಲಿ ಅವಳೂ ಒಬ್ಬಳು. ಅವತ್ತು ಹೆಂಗಸರೆಲ್ಲ ಸುತ್ತ ನಿಂತು ನನ್ನ ಮುಖ ನೋಡುತ್ತಿದ್ದರು. ಮುಯ್ಯಾಳುಗಳ ಮುಂದಾಳು ಪಕ್ಕದ ಮನೆಯಾಕೆ, ತೆಲುಗು ಮನೆಮಾತಿನವಳು, "ಬಾಗುಂದಾ?" ಎಂದು ಕೇಳಿದಳು. ಚೆನ್ನಾಗಿದೆ ಎಂದೆ. ಅವರು ಬಡಿಸಿದ ಹುರುಳಿ ಸಾರು, ಮುದ್ದೆ ಊಟ ಮಾಡಿದೆ. ಬಸ್ಸಿನಲ್ಲಿ ಕೂತ ಮೇಲೆ ಎದೆಯುರಿ ಶುರುವಾಯಿತು. ಅದು ಹುರುಳಿಯದಲ್ಲ, ಸಿಟ್ಟಿನದು. ಯಾರ ಮೇಲೆ ಎಂದು ಗೊತ್ತಾಗದ ಸಿಟ್ಟು ಬಹಳ ಆಯಾಸ ಮಾಡುತ್ತದೆ.

ಗೈಡ್ ಬಯ್ಯಲಿಲ್ಲ. ಕನ್ನಡಕ ತೆಗೆದು ಕಣ್ಣು ಒತ್ತಿಕೊಂಡು, "ಇನ್ನೊಂದು ಹಂಗಾಮು ಇದೆಯಮ್ಮಾ. ಅದರ ಆಚೆಗೆ ನನ್ನ ಕೈಯಲ್ಲಿ ಏನೂ ಇಲ್ಲ" ಎಂದು ತಮಿಳಿನಲ್ಲಿ ಹೇಳಿದರು. ಕಾಲೇಜಿನ ಸಹೋದ್ಯೋಗಿಯೊಬ್ಬರು ಕಾಫಿ ಕುಡಿಯುತ್ತಾ ಸುಲಭದ ದಾರಿ ತೋರಿಸಿದರು: ರಾಯಕೋಟೆಯ ಅಂಕಿಗಳನ್ನೇ ಅಲ್ಲಿ ಸ್ವಲ್ಪ ಇಲ್ಲಿ ಸ್ವಲ್ಪ ತಿದ್ದಿ ಬರೆದರೆ ಯಾರು ಬಂದು ಹೊಲ ನೋಡುತ್ತಾರೆ? ನಾನೇನೂ ಸತ್ಯಹರಿಶ್ಚಂದ್ರನ ತುಂಡಲ್ಲ. ಆದರೆ ಮನೆಯಲ್ಲೇ ಕೂತು ಬರೆಯಬಹುದಾಗಿದ್ದ ಅಂಕಿಗಳಿಗಾಗಿ ಇಷ್ಟು ದಿನ ಆ ಬಸ್ಸುಗಳಲ್ಲಿ ಸೊಂಟ ಮುರಿದುಕೊಂಡೆನಾ ಎನ್ನಿಸಿ ಮೈ ಉರಿಯಿತು. ಬೇಡ ಎಂದೆ. ಈ ಬೇಡವನ್ನು ಅವರು ಒಂದೇ ಸಲಕ್ಕೆ ನಂಬಿದರು.

ಮುಂದಿನ ಮಳೆಗಾಲಕ್ಕೆ ಮತ್ತೆ ದೊಡ್ಡಮ್ಮನ ಮುಂದೆ ಕೂತೆ. ಈ ಸಲ ಸಂಕೋಚ ಬಿಟ್ಟು ಎಲ್ಲ ಹೇಳಿದೆ. ಹೋದ ವರ್ಷ ಏನಾಯಿತು, ಈ ವರ್ಷ ಕೈತಪ್ಪಿದರೆ ಏನಾಗುತ್ತದೆ, ಎಲ್ಲ. ಅವಳು ಬಾಯಿಗೆ ಸೆರಗು ಇಟ್ಟುಕೊಂಡಳು.

"ಅಯ್ಯೋ, ನನ್ ಕೈ ಸೇದೋಗ! ಒಂದ್ ವರ್ಸ ತಿಂದ್ಬುಟ್ನಲ್ಲವ್ವ ನಿಂದು. ಅವತ್ತೇ ಯಾಕ್ ಬಯ್ನಿಲ್ಲ ನನ್ನ?"

ಅಂದಿನಿಂದ ಅವಳು ಕಳೆಯನ್ನು ಕಾಯತೊಡಗಿದಳು. ಆ ತುಂಡಿನಿಂದ ಸಾರಿಗೆಂದು ಅಣ್ಣೆಸೊಪ್ಪು ಕಿತ್ತ ಹೆಂಗಸಿನ ಮೇಲೆ ಜಗಳಕ್ಕೇ ಹೋದಳಂತೆ. ಕಳೆ ಬೆಳೆಯೋದನ್ನ ಕಲಿಯೋಕೆ ಕಾಲೇಜಿಗೆ ಹೋಗಬೇಕಾ ಎಂದು ಊರಲ್ಲಿ ನಗೆಯಾಡಿದರು. ದೊಡ್ಡಪ್ಪ ಸದ್ದಿಲ್ಲದೆ ತುಂಡಿನ ಸುತ್ತ ಸೀಗೆಮುಳ್ಳು ಎಳೆದು ಹಾಕಿದರು. "ಆನೆಗಿಂತ ಹೆಣ್ಣಾಳ್ಗೆ ಹೆದ್ರಬೇಕು ಕಣವ್ವ" ಎಂದರು. ಅವರು ನನ್ನೊಂದಿಗೆ ಆಡಿದ ಅತಿ ಉದ್ದದ ಮಾತು ಅದೇ ಇರಬೇಕು.

ಮಳೆ ಚೆನ್ನಾಗಿ ಬಿತ್ತು. ರಾಗಿಯೂ ಎದ್ದಿತು, ಕಳೆಯೂ ಎದ್ದಿತು. ನಾನು ವಾರಕ್ಕೊಮ್ಮೆ ಹೋಗಿ ತಂತಿಯ ಚೌಕಟ್ಟನ್ನು ನೆಲದ ಮೇಲಿಟ್ಟು ಅದರೊಳಗಿನ ಕಳೆಗಿಡಗಳನ್ನು ಜಾತಿವಾರು ಎಣಿಸುತ್ತಿದ್ದೆ. ಊರಲ್ಲಿ ಎಲ್ಲರ ಹೊಲದಲ್ಲೂ ಕಳೆ ಕೀಳುವ ಹೊತ್ತು. ಆಗ ಒಂದು ಬೆಳಿಗ್ಗೆ ದೊಡ್ಡಪ್ಪ ದನಕ್ಕೆ ಹುಲ್ಲು ಹಾಕುತ್ತಿದ್ದವರು ಹಾಗೇ ಕುಸಿದರು. ಡೆಂಕಣಿಕೋಟೆಯ ಆಸ್ಪತ್ರೆ ಮುಟ್ಟುವ ಮೊದಲೇ ಹೋಗಿಬಿಟ್ಟಿದ್ದರು.

ಮಣ್ಣಿಗೆ ಹೋಗಿ ಬಂದೆವು. ಎರಡು ದಿನ ಕಳೆದ ಮೇಲೆ, ತರಗತಿಯಲ್ಲಿ ಪಾಠ ಹೇಳುತ್ತಾ ನಿಂತಿದ್ದಾಗ, ನನಗೆ ಆ ಊರಿನ ಪದ್ಧತಿ ನೆನಪಾಯಿತು. ಸಾವಾದ ಮನೆಯವರು ತಿಥಿ ಮುಗಿಯುವವರೆಗೆ ಹೊಲಕ್ಕೆ ಕಾಲಿಡುವುದಿಲ್ಲ. ಅಷ್ಟರೊಳಗೆ ಊರಿನ ಹೆಂಗಸರು ಅವರ ಹೊಲದ ಕಳೆ ತೆಗೆದು ಮುಗಿಸುತ್ತಾರೆ. ಅದಕ್ಕೆ ಮುಯ್ಯಿಯ ಲೆಕ್ಕವೂ ಇಲ್ಲ. ಸಾವಿನ ಮನೆಯ ಹೊಲದಲ್ಲಿ ಕಳೆ ನಿಂತಿದೆ ಎಂದರೆ ಆ ಮನೆಗೆ ಜನ ಇಲ್ಲ, ಸತ್ತವರಿಗೆ ಬೆಲೆ ಇರಲಿಲ್ಲ ಎಂದು ಅರ್ಥ. ಸೀಗೆಮುಳ್ಳೇನು, ಕಬ್ಬಿಣದ ಬೇಲಿ ಇದ್ದರೂ ಅವರನ್ನು ತಡೆಯುವುದಿಲ್ಲ. ತಡೆಯಿರಿ ಎಂದು ಸಾವಿನ ಮನೆಗೆ ಹೋಗಿ ಹೇಳುವ ಮುಖ ಯಾರಿಗಿದೆ?

ನಿಜ ಹೇಳುತ್ತೇನೆ, ಆಗ ನನಗೆ ದುಃಖಕ್ಕಿಂತ ಮೊದಲು ಹಗುರ ಎನ್ನಿಸಿತು. ಮುಗಿಯಿತಲ್ಲ. ಇನ್ನು ಆ ಬಸ್ಸಿಲ್ಲ, ಎಣಿಕೆಯಿಲ್ಲ, ಗೈಡ್ ಮನೆಯ ವರಾಂಡದಲ್ಲಿ ಕಾಯುವುದಿಲ್ಲ. ನಾನು ಬಿಟ್ಟದ್ದೂ ಅಲ್ಲ, ಸೋತದ್ದೂ ಅಲ್ಲ. ಸಾವು ಬಂತು, ಆಯಿತು. ಗಂಟೆ ಲೆಕ್ಕದ ಉಪನ್ಯಾಸಕಿಯಾಗಿ ಉಳಿದರೆ ಉಳಿದೆ. ರಾತ್ರಿ ಪಾಳಿಗೆ ಹೊರಟಿದ್ದ ಗಂಡನಿಗೆ ಹೇಳಿದೆ. "ನಿನಗೆ ಸಾಕಾಗಿದೆ, ಗೊತ್ತು" ಎಂದ. ಎಷ್ಟೋ ದಿನಗಳ ಮೇಲೆ ಒಳ್ಳೆಯ ನಿದ್ದೆ ಬಂತು.

ಬೆಳಿಗ್ಗೆ ರಜೆ ಹಾಕಿ ಹೊರಟೆ. ಕಿತ್ತಿರದಿದ್ದರೆ ಕೀಳಲಿ ಎಂದು ನಾನೇ ಹೇಳಿಬಿಡಬೇಕು, ದೊಡ್ಡಮ್ಮನಿಗೆ ಆ ಒಂದು ಯೋಚನೆಯಾದರೂ ತಪ್ಪಲಿ ಎಂಬುದು ಲೆಕ್ಕ.

ಊರ ಬಾಗಿಲಲ್ಲೇ ಹೊಲ ಕಾಣುತ್ತದೆ. ದೊಡ್ಡಮ್ಮನ ಹೊಲವೆಲ್ಲ ಹಸನಾಗಿತ್ತು. ನಡುವೆ ನನ್ನ ಗೂಟಗಳ ಒಳಗೆ ಮಾತ್ರ ಯಾರೂ ಕೈ ಹಾಕಿರಲಿಲ್ಲ; ಮುಟ್ಟಬಾರದ ತುಂಡಿನಲ್ಲಿ ಕಳೆ ರಾಗಿಯ ಎತ್ತರಕ್ಕೆ ನಿಂತಿತ್ತು. ಮನೆಯ ಜಗುಲಿಯಲ್ಲಿ ಹೆಂಗಸರು ಕೂತಿದ್ದರು. ಯಾರೂ ಬಾ ಎನ್ನಲಿಲ್ಲ. ಪಕ್ಕದ ಮನೆಯಾಕೆ ಎದ್ದು ನನ್ನೆದುರು ನಿಂತಳು.

"ನಾವ್ ಮುಳ್ ತಗ್ದು ಒಳಕ್ ಕಾಲಿಕ್ಕಿದ್ವಿ. ನಿಮ್ ದೊಡ್ಡಮ್ಮ ಮೂಲೇಲ್ ಕೂತಿದ್ದೋಳು ಎದ್ದು ಹೊಲದ್ ತಂಕ ಬಂದ್ಬುಟ್ಳು ಕಣಮ್ಮ. ಮೂರ್ ದಿನ ಆಗಿಲ್ಲ ಗಂಡ ಸತ್ತು. ಯಾರಾನಾ ಬತ್ತಾರಾ ಅಂಗೆ? ಅಡ್ಡ ನಿಂತ್ಕಂಡು, ಮುಟ್ಬ್ಯಾಡ್ರಿ ಅಂದ್ಳು. ಊರೆಲ್ಲ ನೋಡ್ತು. ಗಂಡನ್ ಕಡೆ ನೆಂಟ್ರು ಏನೇನೋ ಅಂದ್ರು."

ಒಳಗೆ ಹೋದೆ. ದೊಡ್ಡಮ್ಮ ಗೋಡೆಗೆ ಒರಗಿ ಕೂತಿದ್ದಳು. ಹಣೆ ಬರಿದಾಗಿರಲಿಲ್ಲ ಇನ್ನೂ. ಅದಕ್ಕೆ ದಿನ ಇತ್ತು. ನಾನು ಅವಳ ಕೈ ಹಿಡಿದುಕೊಂಡು, ಬಸ್ಸಿನುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತು ಹೇಳಿದೆ. ಕೀಳಲಿ ಬಿಡು ದೊಡ್ಡಮ್ಮ, ನನಗೆ ಬೇಡ, ಸಾಕಾಗಿದೆ ನನಗೆ, ನಿಜವಾಗಿ ಸಾಕಾಗಿದೆ.

ಅವಳು ನನ್ನ ಮುಖವನ್ನೇ ನೋಡಿದಳು.

"ನೀನು ಬೇಡ ಅಂದ್ರೆ ನಾನು ಕೇಳಲ್ಲ" ಎಂದಳು. "ಅವ್ರು ಹೋಗ್ಬುಟ್ರು. ಕಳೆ ಕಿತ್ರೆ ವಾಪಸ್ ಬತ್ತಾರಾ? ನಿನ್ನ ವರ್ಸಾನೂ ಯಾಕವ್ವ ಅವ್ರ ಜೊತೇಲಿ ಹೋಗ್ಬೇಕು?"

ನನಗೆ ಸಂಕೋಚ ಇರಲಿಲ್ಲ ಅವತ್ತು. ಇದು ಸಂಕೋಚದ ಬೇಡ ಅಲ್ಲ ದೊಡ್ಡಮ್ಮ, ನಿಜವಾದ ಬೇಡ ಎಂದು ಅವಳಿಗೆ ಹೇಗೆ ಹೇಳುವುದು? ಹೇಳಿದರೆ ಅವಳು ಊರಿನ ಮುಂದೆ ನಿಂತದ್ದು ಏತಕ್ಕೆ ಎಂದಾಗುತ್ತದೆ. ಬಿಟ್ಟುಬಿಡಲು ಬಂದಿದ್ದೆ, ಬಿಡುವ ದಾರಿಯನ್ನು ಅವಳು ಮುಚ್ಚಿಬಿಟ್ಟಿದ್ದಳು.

"ಎಣಿಸೋ ಕೆಲ್ಸ ಇರ್ತದಲ್ಲ ನಿಂಗೆ, ಈ ವಾರದ್ದು? ಎದ್ದು ಹೋಗು, ಬಿಸ್ಲಾಯ್ತದೆ" ಎಂದಳು.

ಹೋದ ವಾರ ಅಲ್ಲೇ ಮೂಲೆಗೆ ಒರಗಿಸಿ ಹೋಗಿದ್ದ ತಂತಿಯ ಚೌಕಟ್ಟು ತೆಗೆದುಕೊಂಡು, ಜಗುಲಿಯ ಹೆಂಗಸರ ನಡುವೆ ತಲೆ ತಗ್ಗಿಸಿ ಹಾದು ಹೊಲಕ್ಕೆ ಹೋದೆ. ಅವರೆಲ್ಲ ಬಂದು ಬದುವಿನ ಮೇಲೆ ನಿಂತರು. ಸಾವಿನ ಮನೆಯ ಹೊಲದಲ್ಲಿ, ಅವರ ಕಣ್ಣೆದುರಿಗೆ, ಚೌಕಟ್ಟನ್ನು ಕಳೆಯ ಮೇಲಿಟ್ಟು ಮೊಣಕಾಲೂರಿದೆ. ಕಣ್ಣು ತುಂಬಿ ಲೆಕ್ಕ ತಪ್ಪುತ್ತಿತ್ತು. ಮತ್ತೆ ಮೊದಲಿನಿಂದ ಎಣಿಸಿದೆ.